ಎರಡು ಭೇಟಿಗಳ ನಡುವಿನ ದಿನಗಳು

ಕಾರ್ಕಳದಿಂದ ಹಿರ್ಗಾನ ದಾಟಿ ಹೆಬ್ರಿಯ ಕಡೆಗೆ ಹೊರಟರೆ ದಾರಿಯಲ್ಲಿ ಅಜೆಕಾರು ಸಿಗುತ್ತದೆ. ಅಲ್ಲಿಂದ ಮಣಿಪಾಲಕ್ಕೆ ಹೋಗಿ ಮನೋವೈದ್ಯರನ್ನು ಕಂಡು ಬರುವುದೆಂದರೆ ಒಂದು ಇಡೀ ದಿನದ ಕೆಲಸ. ಬೆಳಗ್ಗೆ ಬಸ್ಸು ಹಿಡಿಯಬೇಕು, ನಡುವೆ ಬಸ್ಸು ಬದಲಿಸಬೇಕು, ಚೀಟಿ ಮಾಡಿಸಬೇಕು, ಸರದಿ ಕಾಯಬೇಕು, ಮದ್ದು ತೆಗೆದುಕೊಳ್ಳಬೇಕು. ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಬೀಡಿ ಕಟ್ಟುವ ಹೆಂಗಸಿಗೆ ಅದು ಒಂದು ದಿನದ ಮಜೂರಿ. ಜೊತೆಗೆ ಬರುವ ಗಂಡನದ್ದೋ ಮಗನದ್ದೋ ಸೇರಿದರೆ ಎರಡು ದಿನದ್ದು. ಖಿನ್ನತೆಗೆ ಮಾತಿನ ಚಿಕಿತ್ಸೆ ಎಂದರೆ ಇಂಥ ಪ್ರಯಾಣ ಒಂದಕ್ಕೆ ಮುಗಿಯುವುದಿಲ್ಲ. ವಾರಕ್ಕೊಂದರಂತೆ ಆರೆಂಟು ಸಲವಾದರೂ ಹೋಗಬೇಕು, ಕೆಲವರು ಅದಕ್ಕೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ, ಹಾಸಿಗೆಯಿಂದ ಏಳುವುದೇ ಕಷ್ಟವಾಗಿರುವ ಒಬ್ಬ ಮನುಷ್ಯನಿಂದ ಇದನ್ನು ನಿರೀಕ್ಷಿಸುತ್ತೇವೆ.

ಆದ್ದರಿಂದಲೇ ಈಗ ಆಸ್ಪತ್ರೆಗಳಲ್ಲಿ ಇನ್ನೊಂದು ಕ್ರಮ ಬಂದಿದೆ. ಮೊದಲು ಒಂದೆರಡು ಸಲ ಎದುರುಬದುರು ಕೂತು ಮಾತು. ಆಮೇಲೆ ಚಿಕಿತ್ಸಕರು ಹೇಳುತ್ತಾರೆ: "ಮುಂದಿನ ಎರಡು ಸಲ ವಿಡಿಯೊದಲ್ಲೇ ಮಾತಾಡುವ. ನಡುವೆ ನಾನು ಹೇಳಿದ್ದನ್ನು ಮಾಡಿ, ಮಾಡಿದ್ದನ್ನು ಬರೆದು ಕಳಿಸಿ. ತಿಂಗಳು ಕಳೆದು ಒಮ್ಮೆ ಬನ್ನಿ." ಅರ್ಧ ಮುಖಾಮುಖಿ, ಅರ್ಧ ಆನ್‌ಲೈನ್. ಇದರ ಬಗ್ಗೆ ಜನ ಮೊದಲು ಕೇಳುವುದು ನೆಟ್‌ವರ್ಕಿನ ಪ್ರಶ್ನೆ, ಆಮೇಲೆ ಖರ್ಚಿನದ್ದು. ಎರಡಕ್ಕೂ ಹೇಗಾದರೂ ದಾರಿ ಹುಡುಕಬಹುದು. ನನಗೆ ದೊಡ್ಡದಾಗಿ ಕಾಣುವುದು ಮೂರನೆಯ ಪ್ರಶ್ನೆ. ಚಿಕಿತ್ಸಕರಿಗೂ ರೋಗಿಗೂ ನಡುವೆ ಬೆಳೆಯಬೇಕಾದ ಸಂಬಂಧ ಈ ಕ್ರಮದಲ್ಲಿ ಏನಾಗುತ್ತದೆ? ಮುಖ ನೋಡದೆ ನಂಬಿಕೆ ಬರುತ್ತದೆಯೆ?

ಬರುತ್ತದೆ. ಆದರೆ ಒಂದು ಷರತ್ತಿದೆ. ಆ ಷರತ್ತನ್ನು ನಮ್ಮ ವ್ಯವಸ್ಥೆ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬ ಕಾರಣಕ್ಕೇ ಈ ಬರಹ.

ಮೊದಲು ಕಾಯಿಲೆಯ ಗಾತ್ರ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ 20 ಮಂದಿಗೆ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ ಎಂದು ಅದು ಕಂಡುಕೊಂಡಿತು. ಅವರಲ್ಲಿ ಚಿಕಿತ್ಸೆ ಸಿಗದೇ ಉಳಿದವರು 100ಕ್ಕೆ ಸುಮಾರು 85. ಈ 85ರಲ್ಲಿ ಆಸ್ಪತ್ರೆ ದೂರ ಎಂದು ಹೋಗದವರು ಇದ್ದಾರೆ, ಹೋಗಿ ಅರ್ಧಕ್ಕೆ ಬಿಟ್ಟವರು ಇದ್ದಾರೆ, ಇದು ಕಾಯಿಲೆ ಎಂದೇ ತಿಳಿಯದವರೂ ಇದ್ದಾರೆ. ಉಡುಪಿ ಜಿಲ್ಲೆಯ ಮಟ್ಟಿಗೆ ನಾವು ಅದೃಷ್ಟವಂತರು. 1953ರಲ್ಲಿ ಶುರುವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ, ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆಯಿದೆ. ಕರ್ನಾಟಕದ ಎಷ್ಟೋ ಜಿಲ್ಲೆಗಳಿಗೆ ಇದರ ಕಾಲು ಭಾಗವೂ ಇಲ್ಲ. ಆದರೂ ಅಜೆಕಾರು, ಅಂಡಾರು, ಮುನಿಯಾಲು ಕಡೆಯವರಿಗೆ ಇವೆಲ್ಲ ಬಸ್ಸಿನ ಆ ತುದಿಯಲ್ಲಿವೆ.

ಇನ್ನು ಸಂಬಂಧದ ಮಾತು. ಮನಸ್ಸಿನ ಚಿಕಿತ್ಸೆಯಲ್ಲಿ ಹಲವು ಪಂಥಗಳಿವೆ, ಒಂದೊಂದಕ್ಕೂ ಅದರದ್ದೇ ವಿಧಾನ. ಆದರೆ ಗುಣಕ್ಕೆ ನೆರವಾಗುವ ಅಂಶಗಳನ್ನು ಅಳೆದವರಿಗೆಲ್ಲ ಪಂಥ ಯಾವುದೇ ಇರಲಿ, ಒಂದು ಸಂಗತಿ ಮತ್ತೆಮತ್ತೆ ಎದುರಾಯಿತು: ಚಿಕಿತ್ಸಕರ ಮತ್ತು ರೋಗಿಯ ನಡುವಿನ ಹೊಂದಾಣಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಇದನ್ನು ಮೂರು ಎಳೆಗಳಾಗಿ ಬಿಡಿಸಿದರು. ಏನನ್ನು ಸಾಧಿಸಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ, ಅದಕ್ಕಾಗಿ ಮಾಡಬೇಕಾದ ಕೆಲಸಗಳ ಬಗ್ಗೆ ಒಮ್ಮತ, ಮತ್ತು ಇಬ್ಬರ ನಡುವಿನ ವಿಶ್ವಾಸ. ನಾವು ಸಂಬಂಧ ಎಂದಾಗ ಮೂರನೆಯದನ್ನು ಮಾತ್ರ ನೆನೆಯುತ್ತೇವೆ, ಡಾಕ್ಟರರ ನಗುಮುಖವನ್ನು. ಬೋರ್ಡಿನ್ ಹೇಳಿದ್ದರಲ್ಲಿ ಮೂರಕ್ಕೆ ಎರಡು ಭಾಗ ಕೆಲಸಕ್ಕೆ ಸೇರಿದ್ದು. ಆನ್‌ಲೈನ್ ಚಿಕಿತ್ಸೆಯನ್ನು ಅರ್ಥ ಮಾಡಿಕೊಳ್ಳಲು ಇದು ಬಹಳ ಮುಖ್ಯ, ಏಕೆಂದರೆ ಕೆಲಸದ ಒಮ್ಮತ ದೂರದಿಂದಲೂ ಬೆಳೆಯಬಲ್ಲದು.

2018ರಲ್ಲಿ ಸಂಶೋಧಕ ಕ್ರಿಸ್ಟೋಫ್ ಫ್ಲೂಕಿಗರ್ ಮತ್ತು ಸಂಗಡಿಗರು 295 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಅವುಗಳಲ್ಲಿ 30,000ಕ್ಕೂ ಹೆಚ್ಚು ರೋಗಿಗಳಿದ್ದರು. ಹೊಂದಾಣಿಕೆ ಚೆನ್ನಾಗಿದ್ದಲ್ಲಿ ಫಲವೂ ಚೆನ್ನಾಗಿತ್ತು. ಎದುರು ಕೂತು ಕೊಟ್ಟ ಚಿಕಿತ್ಸೆಯಲ್ಲೂ ಇಂಟರ್ನೆಟ್ ಮೂಲಕ ಕೊಟ್ಟದ್ದರಲ್ಲೂ ಈ ನಂಟಿನ ಬಲ ಹೆಚ್ಚುಕಡಿಮೆ ಒಂದೇ. ಅದಕ್ಕೂ ಮೊದಲು, 2011ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಖಿನ್ನತೆಯಿದ್ದ 53 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮುಖಾಮುಖಿ ಚಿಕಿತ್ಸೆ, ಇನ್ನೊಂದಕ್ಕೆ ಬರವಣಿಗೆಯ ಮೂಲಕ ಆನ್‌ಲೈನ್ ಚಿಕಿತ್ಸೆ ಕೊಟ್ಟು ಹೋಲಿಸಿದ್ದರು. ಚಿಕಿತ್ಸಕರ ಜೊತೆಗಿನ ಸಂಬಂಧಕ್ಕೆ ರೋಗಿಗಳು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಜ್ಯೂರಿಕ್ ಬೇರೆ, ಅಜೆಕಾರು ಬೇರೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದರು. ಪಶ್ಚಿಮದ ಮಾದರಿಯಲ್ಲಿ ಚಿಕಿತ್ಸಕ ತಟಸ್ಥ, ಸಲಹೆ ಕೊಡುವುದಿಲ್ಲ, ರೋಗಿಯೇ ತನ್ನ ದಾರಿ ಕಂಡುಕೊಳ್ಳಲಿ ಎಂದು ಕಾಯುತ್ತಾನೆ. ನಮ್ಮಲ್ಲಿ ಬರುವವರಿಗೆ ಬೇಕಾಗಿರುವುದು ಗುರುವಿನಂಥ, ಮನೆಯ ಹಿರಿಯನಂಥ ಒಬ್ಬರು. ಆದ್ದರಿಂದ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ನೋಡಬಹುದು ಎಂದರು ನೇಕಿ. ಕರಾವಳಿಯಲ್ಲಿ ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನಸ್ಸು ಕೆಟ್ಟಾಗ ಇಲ್ಲಿನವರು ಜೋಯಿಸರಲ್ಲಿ ಪ್ರಶ್ನೆ ಇಡುತ್ತಾರೆ, ದೈವದ ಎದುರು ನಿಂತು ನುಡಿ ಕೇಳುತ್ತಾರೆ, ಚರ್ಚಿನ ಫಾದರ್ ಹತ್ತಿರ ಹೋಗಿ ಕೂರುತ್ತಾರೆ. ಅಲ್ಲೆಲ್ಲ ಅವರ ಮನೆಯ ಹೆಸರು ಗೊತ್ತಿರುತ್ತದೆ, ಅಜ್ಜನ ಕಾಲದ ಜಗಳ ಗೊತ್ತಿರುತ್ತದೆ. ಇಂಥವರು ಮನೋವೈದ್ಯರ ಹತ್ತಿರ ಬಂದಾಗಲೂ "ನೀವೇ ಹೇಳಿ ಡಾಕ್ಟ್ರೇ, ನಾನೇನು ಮಾಡಬೇಕು" ಎನ್ನುತ್ತಾರೆ. ಚಿಕಿತ್ಸಕರು ಇದನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಅದು ನಂಬಿಕೆಯ ಮೊದಲ ಮೆಟ್ಟಿಲು.

ಹಾಗಾದರೆ ಈ ಹಿರಿತನ, ಈ ಸಲುಗೆ ಫೋನಿನಲ್ಲಿ ಬರುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆ ಮೊದಲ ಭೇಟಿ ಮುಖಾಮುಖಿಯೇ ಆಗಬೇಕು. ರೋಗಿ ಕೋಣೆಗೆ ನಡೆದು ಬರುವ ರೀತಿ, ಎಷ್ಟು ಹೊತ್ತಿಗೆ ತಲೆ ಎತ್ತುತ್ತಾರೆ, ಜೊತೆಗೆ ಬಂದವರು ಮಾತಿನ ನಡುವೆ ಬಾಯಿ ಹಾಕುತ್ತಾರೋ ಇಲ್ಲವೋ, ಅತ್ತೆ ಹೊರಗೆ ಹೋದ ಮೇಲೆ ಸೊಸೆಯ ದನಿ ಬದಲಾಗುತ್ತದೋ ಎಂಬುದೆಲ್ಲ ಕ್ಯಾಮೆರಾದ ಚೌಕಟ್ಟಿಗೆ ಸಿಗುವುದಿಲ್ಲ. ತೂಕ ಇಳಿದಿದೆಯೆ, ಥೈರಾಯ್ಡ್ ತೊಂದರೆ ಇದೆಯೆ, ರಕ್ತಹೀನತೆ ಇದೆಯೆ ಎಂದು ದೇಹವನ್ನೂ ನೋಡಬೇಕು. ಇವೂ ಖಿನ್ನತೆಯಂತೆಯೇ ಸುಸ್ತು, ಬೇಸರ ತರುತ್ತವೆ. ರೋಗಿಗೂ ಈ ಮೊದಲ ಭೇಟಿ ಅಷ್ಟೇ ಮುಖ್ಯ. ಎದುರು ಕೂತು ತುಳುವಿನಲ್ಲೋ ಕೊಂಕಣಿಯಲ್ಲೋ ನಾಲ್ಕು ಮಾತಾಡಿ, "ಇವರು ನನ್ನನ್ನು ಹುಚ್ಚಿ ಅಂದುಕೊಳ್ಳಲಿಲ್ಲ" ಎಂದು ಒಮ್ಮೆ ಖಾತ್ರಿಯಾದರೆ, ಆಮೇಲೆ ಫೋನಿನಲ್ಲಿ ಬರುವ ದನಿ ಪರಿಚಿತರ ದನಿಯಾಗುತ್ತದೆ.

ದೂರದಿಂದ ಮನಸ್ಸಿಗೆ ಆಸರೆ ಕೊಡುವುದು ಕನ್ನಡಕ್ಕೆ ಹೊಸದೂ ಅಲ್ಲ. 'ಕೊರವಂಜಿ' ಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದ ಓದುಗರಿಗೆ ಪುಸ್ತಕಗಳ ಮೂಲಕ, ಪತ್ರಿಕೆಗಳ ಮೂಲಕ ದಶಕಗಳ ಕಾಲ ಖಿನ್ನತೆ ಎಂದರೇನು ಎಂದು ವಿವರಿಸಿದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ 'ಸಮಾಧಾನ' ಆಪ್ತಸಲಹಾ ಕೇಂದ್ರ ನಡೆಸಿದರು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಕೆಲಸವೂ ಇಲ್ಲಿ ಬೇಗನೆ ಶುರುವಾಯಿತು. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಪ್ರಯೋಗ ನಡೆಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ನೋಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಈ ಬಳ್ಳಾರಿಯದ್ದೇ.

ಈಗ ಆ ಷರತ್ತಿಗೆ ಬರುತ್ತೇನೆ. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಖಿನ್ನತೆಯಿದ್ದ 691 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಊರ ವೈದ್ಯರ ಮಾಮೂಲಿ ಚಿಕಿತ್ಸೆ ಮಾತ್ರ. ಇನ್ನೆರಡಕ್ಕೆ ಅದರ ಜೊತೆಗೆ ಕಂಪ್ಯೂಟರಿನಲ್ಲಿ ತಾವೇ ಮಾಡಿಕೊಳ್ಳಬಹುದಾದ ಒಂದೊಂದು ಕಾರ್ಯಕ್ರಮ. ಒಂದರಲ್ಲಿ 8 ಪಾಠ, ಇನ್ನೊಂದರಲ್ಲಿ 6. ಎರಡೂ ಅದಕ್ಕೆ ಮೊದಲು ಹೆಸರು ಮಾಡಿದ್ದವೇ. ಫೋನಿನಲ್ಲಿ ತಾಂತ್ರಿಕ ನೆರವು ಕೊಡುವವರಿದ್ದರು, ಆದರೆ ಚಿಕಿತ್ಸಕರು ಇರಲಿಲ್ಲ. ನಾಲ್ಕು ತಿಂಗಳಲ್ಲಿ ನೋಡಿದರೆ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಕಾರಣ ಬೇರೆಲ್ಲೂ ಹುಡುಕಬೇಕಿರಲಿಲ್ಲ. 8 ಪಾಠದ ಕಾರ್ಯಕ್ರಮದಲ್ಲಿ ಹೆಚ್ಚಿನವರು 2ನೆಯ ಪಾಠದ ಹೊತ್ತಿಗೆ ನಿಂತಿದ್ದರು, 6ರದ್ದರಲ್ಲಿ 1ನೆಯದಕ್ಕೇ. ಪಾಠಗಳಲ್ಲಿ ತಪ್ಪಿರಲಿಲ್ಲ. ಬರೆದದ್ದನ್ನು ಓದಲು ಆ ಕಡೆ ಯಾರೂ ಇಲ್ಲ ಎಂದು ಗೊತ್ತಿರುವಾಗ, ಯಾವುದರಲ್ಲೂ ಉತ್ಸಾಹ ಇಲ್ಲದಿರುವುದೇ ಕಾಯಿಲೆಯಾಗಿರುವ ಮನುಷ್ಯ ಏಕೆ ಬರೆದಾನು?

ಇದಕ್ಕೆ ಎದುರಾಗಿ ನಮ್ಮದೇ ಕೊಂಕಣ ತೀರದ ಗೋವಾವನ್ನು ನೋಡಿ. ಮನೋವೈದ್ಯ ವಿಕ್ರಮ್ ಪಟೇಲ್ ಅವರ ಜೊತೆಗೆ ಸಂಗಾತ್ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಿದರು. 2017ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಚಿಕಿತ್ಸೆ ಕೊಟ್ಟವರು ಮನೋವೈದ್ಯರೂ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಸಲ ಮಾತುಕತೆ, ಆರೋಗ್ಯ ಕೇಂದ್ರದಲ್ಲಿ ಇಲ್ಲವೇ ಮನೆಯಲ್ಲಿ, ಬರಲಾಗದಿದ್ದರೆ ಫೋನಿನಲ್ಲಿ. ಮಾಡಿಸಿದ್ದು ಸರಳ ಕೆಲಸ. ಖಿನ್ನತೆ ಬಂದಮೇಲೆ ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ದಿನಚರಿಗೆ ತರುವುದು. ಮೂರು ತಿಂಗಳ ನಂತರ ಈ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಅದು 39. ಇವರು ಲಘು ಖಿನ್ನತೆಯವರಲ್ಲ, ಸಾಕಷ್ಟು ತೀವ್ರವಾಗಿದ್ದವರು. ಬ್ರಿಟನ್ನಿನ ಪ್ರಯೋಗಕ್ಕೂ ಗೋವಾದ್ದಕ್ಕೂ ವ್ಯತ್ಯಾಸಗಳು ಹಲವಿವೆ, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಆದರೂ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಗೋವಾದಲ್ಲಿ ಹಿಂದಿನ ವಾರ ಹೇಳಿದ್ದನ್ನು ಈ ವಾರ ಕೇಳಲು ಒಬ್ಬ ಮನುಷ್ಯನಿದ್ದ.

ಷರತ್ತು ಎಂದರೆ ಇದೇ. ಎರಡು ಭೇಟಿಗಳ ನಡುವಿನ ದಿನಗಳಲ್ಲಿ ರೋಗಿ ಮಾಡಿದ, ಬರೆದ, ಹೇಳಿದ ಸಂಗತಿಗಳನ್ನು ಅದೇ ಚಿಕಿತ್ಸಕರು ನೋಡಬೇಕು. ನೋಡಿದ್ದೇನೆ ಎಂದು ರೋಗಿಗೆ ತಿಳಿಯಬೇಕು. ಮುಂದಿನ ಭೇಟಿ ಅಲ್ಲಿಂದಲೇ ಶುರುವಾಗಬೇಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಅಜೆಕಾರಿನ ಹತ್ತಿರ ಒಬ್ಬ ನಡುವಯಸ್ಸಿನ ಹೆಂಗಸು. ಮಗ ಮುಂಬಯಿಯಲ್ಲಿ, ಮಗಳು ಮದುವೆಯಾಗಿ ಹೋಗಿದ್ದಾಳೆ. ಆರು ತಿಂಗಳಿಂದ ಏನೂ ಬೇಡ ಎನಿಸುತ್ತದೆ. ಬೀಡಿ ಎಲೆ ತಂದಿಟ್ಟದ್ದು ಹಾಗೇ ಒಣಗುತ್ತಿದೆ, ನೆರೆಮನೆಗೆ ಹೋಗುವುದು ನಿಂತಿದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮೊದಲ ಭೇಟಿಯಲ್ಲಿ ಚಿಕಿತ್ಸಕಿ ಮತ್ತು ಅವರು ಸೇರಿ ಒಂದು ಒಪ್ಪಂದಕ್ಕೆ ಬರುತ್ತಾರೆ: ಮನಸ್ಸು ಬರಲಿ ಎಂದು ಕಾಯುವುದು ಬೇಡ, ದಿನಾ ಬೆಳಗ್ಗೆ ಡೈರಿಗೆ ಹಾಲು ತೆಗೆದುಕೊಂಡು ಹೋಗುವುದು ಅವರೇ ಮಾಡಬೇಕು. ಹೋಗಿ ಬಂದ ಮೇಲೆ ಮನಸ್ಸು ಹೇಗಿತ್ತು ಎಂದು ಹತ್ತರಲ್ಲಿ ಒಂದು ಅಂಕಿ ಕಳಿಸಬೇಕು. ಬರೆಯಲು ಕಷ್ಟವಾದರೆ ತುಳುವಿನಲ್ಲೇ ಒಂದು ವಾಯ್ಸ್ ಮೆಸೇಜ್. ನಾಲ್ಕು ದಿನ ಬರುತ್ತದೆ. ಐದನೆಯ ದಿನ ಇಲ್ಲ, ಆರನೆಯ ದಿನವೂ ಇಲ್ಲ.

ಇಲ್ಲಿಂದ ಮುಂದೆ ಎರಡು ದಾರಿ. ಒಂದರಲ್ಲಿ ಯಾರೂ ಗಮನಿಸುವುದಿಲ್ಲ. ಮುಂದಿನ ವಿಡಿಯೊ ಕರೆಯಲ್ಲಿ ಚಿಕಿತ್ಸಕಿ "ಹೇಗಿದ್ದೀರಿ" ಎಂದು ಹೊಸದಾಗಿ ಶುರುಮಾಡುತ್ತಾರೆ. ಕಳಿಸಿದ ನಾಲ್ಕು ದಿನದ ಮಾತೇ ಇಲ್ಲ. ಆ ಹೆಂಗಸಿಗೆ ಅದು ಏನು ಹೇಳಿತು? ತಾನು ಯಾರಿಗೂ ಬೇಕಾಗಿಲ್ಲ ಎಂದು ಖಿನ್ನತೆ ಅವರ ಕಿವಿಯಲ್ಲಿ ದಿನಾ ಹೇಳುತ್ತಿದ್ದ ಮಾತನ್ನೇ ಚಿಕಿತ್ಸೆಯೂ ಹೇಳಿತು. ಇನ್ನೊಂದರಲ್ಲಿ ಚಿಕಿತ್ಸಕಿ ಕೇಳುತ್ತಾರೆ: "ಅಮ್ಮ, ಮಂಗಳವಾರ ಹಾಲು ಕೊಟ್ಟು ಬಂದಾಗ ಆರು ಅಂತ ಹೇಳಿದ್ರಿ, ಅದು ಎಲ್ಲಕ್ಕಿಂತ ಹೆಚ್ಚು. ಅವತ್ತು ಏನಾಗಿತ್ತು? ಮತ್ತೆ ಗುರುವಾರದಿಂದ ನಿಮ್ಮ ದನಿ ಬರಲಿಲ್ಲ, ನಾನು ಕಾಯುತ್ತಿದ್ದೆ." ಮಂಗಳವಾರ ಹಳೆಯ ಗೆಳತಿ ಸಿಕ್ಕಿದ್ದು, ಗುರುವಾರ ಮಗನ ಫೋನಿನ ನಂತರ ಮನಸ್ಸು ಕುಸಿದದ್ದು ಹೀಗೆ ಹೊರಬರುತ್ತದೆ. ಈ ಎರಡನೆಯ ದಾರಿಯಲ್ಲಿ ಆನ್‌ಲೈನ್ ಭಾಗ ಸಂಬಂಧವನ್ನು ತೆಳುವಾಗಿಸಲಿಲ್ಲ. ವಾರಕ್ಕೊಮ್ಮೆ ಮಾತ್ರ ಭೇಟಿಯಾಗುವ ಚಿಕಿತ್ಸೆಯಲ್ಲಿ ಮಂಗಳವಾರದ ಆ ಗೆಳತಿಯ ಸುದ್ದಿಯೇ ಬರುತ್ತಿರಲಿಲ್ಲ. ಖಿನ್ನತೆಯಲ್ಲಿ ಒಳ್ಳೆಯ ಗಳಿಗೆಗಳು ನೆನಪಿನಿಂದ ಬೇಗ ಜಾರುತ್ತವೆ. ವಾರ ಕಳೆದು ಕೇಳಿದರೆ "ಎಲ್ಲ ದಿನವೂ ಒಂದೇ ಥರ" ಎಂಬ ಉತ್ತರ ಬರುತ್ತದೆ.

ಮದ್ದಿನ ವಿಷಯದಲ್ಲೂ ನಡುವಿನ ದಿನಗಳು ನಿರ್ಣಾಯಕ. ಖಿನ್ನತೆಯ ಮಾತ್ರೆಗಳು ಫಲ ಕೊಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಮಾತ್ರ ಮೊದಲ ದಿನಗಳಲ್ಲೇ ಬರುತ್ತವೆ. ಅಂದರೆ ರೋಗಿಗೆ ಮೊದಲು ಸಿಗುವುದು ಕಷ್ಟ, ಸುಖ ಆಮೇಲೆ. ಬಹಳ ಮಂದಿ ಮಾತ್ರೆ ಬಿಡುವುದು ಈ ಹೊತ್ತಿನಲ್ಲಿ. ಐದನೆಯ ದಿನ ಒಂದು ಫೋನ್ ಬಂದು, "ಹೊಟ್ಟೆ ತೊಳಸುವುದು ಇನ್ನೊಂದು ವಾರದಲ್ಲಿ ಕಡಿಮೆಯಾಗುತ್ತದೆ, ಊಟ ಮಾಡಿದ ಮೇಲೆ ತೆಗೆದುಕೊಳ್ಳಿ, ಬಿಡಬೇಡಿ" ಎಂದು ಹೇಳಿದರೆ ಅದರ ಬೆಲೆ ದೊಡ್ಡದು. ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮದ್ದು ಮುಂದುವರಿಸಬೇಕು. ಅಷ್ಟು ಕಾಲವೂ ತಿಂಗಳಿಗೊಮ್ಮೆ ಬಸ್ಸು ಹತ್ತು ಎಂದರೆ ಯಾರೂ ಹತ್ತುವುದಿಲ್ಲ. ಆನ್‌ಲೈನ್ ಇರಬೇಕಾದದ್ದು ಇಂಥ ಕಡೆ.

ಆದರೆ ಫೋನಿನ ಮೂಲಕ ಮನೆಯೊಳಗೆ ಬಂದ ಚಿಕಿತ್ಸೆ ಮನೆಯ ಕಷ್ಟಗಳನ್ನೂ ಎದುರಿಸಬೇಕು. ಆಸ್ಪತ್ರೆಯ ಕೋಣೆಗೆ ಬಾಗಿಲಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಅಲ್ಲಿ ಎಲ್ಲರೂ ಓಡಾಡುತ್ತಾರೆ. ಫೋನು ಗಂಡನದ್ದು, ಇಲ್ಲವೇ ಮಗಳದ್ದು. ಗಂಡನ ಕುಡಿತವೇ ದುಃಖದ ಮೂಲವಾಗಿರುವಾಗ ಗಂಡನ ಫೋನಿನಲ್ಲಿ ಏನು ಮಾತಾಡುವುದು? ಆದ್ದರಿಂದ ಒಳ್ಳೆಯ ಚಿಕಿತ್ಸಕರು ಪ್ರತಿ ಕರೆಯ ಮೊದಲಲ್ಲಿ ಕೇಳಬೇಕಾದ ಪ್ರಶ್ನೆ: "ಈಗ ಹತ್ತಿರ ಯಾರಾದರೂ ಇದ್ದಾರಾ? ಹೌದು-ಅಲ್ಲ ಅಷ್ಟೇ ಹೇಳಿ." ಯಾರೋ ಬಂದರೆ ಮಾತು ಬದಲಿಸಲು ಒಂದು ಸೂಚನೆಯನ್ನು ಮೊದಲ ಭೇಟಿಯಲ್ಲೇ ಗೊತ್ತುಮಾಡಿಕೊಳ್ಳಬೇಕು. ಕರೆ ಕಡಿದುಹೋದರೆ ಯಾರು ಮತ್ತೆ ಫೋನ್ ಮಾಡುವುದು ಎಂಬುದೂ ಮೊದಲೇ ತೀರ್ಮಾನವಾಗಬೇಕು. ಜುಲೈಯ ಮಳೆಗೆ ಕರೆಂಟು ಹೋಗಿ ಟವರ್ ಕೈಕೊಟ್ಟಾಗ, ಅಳುತ್ತಿರುವವರ ಕರೆ ನಡುವೆ ನಿಂತುಹೋದರೆ "ಅವರೇ ಇಟ್ಟುಬಿಟ್ಟರು" ಎಂದು ಅನಿಸುತ್ತದೆ. ಸಣ್ಣ ವಿಷಯಗಳು ಎಂದು ಕಾಣಬಹುದು. ವಿಶ್ವಾಸ ಉಳಿಯುವುದೂ ಹೋಗುವುದೂ ಇವುಗಳಲ್ಲೇ.

ಚಿಕಿತ್ಸಕರ ಕಡೆಯ ಕಷ್ಟವನ್ನೂ ಹೇಳಬೇಕು. ನಂಬರ್ ಕೊಟ್ಟ ಮೇಲೆ ಮೆಸೇಜ್ ರಾತ್ರಿ ಹನ್ನೊಂದಕ್ಕೂ ಬರುತ್ತದೆ. ಎಲ್ಲಕ್ಕೂ ಉತ್ತರಿಸುತ್ತಾ ಹೋದರೆ ಅವರು ಬಳಲಿ ಹೋಗುತ್ತಾರೆ, ರೋಗಿಗೂ ಪ್ರತಿ ಕಳವಳಕ್ಕೆ ಆಸರೆ ಬೇಡುವ ಅಭ್ಯಾಸವಾಗುತ್ತದೆ. ಉತ್ತರಿಸದಿದ್ದರೆ, ಓದಿದ್ದಾರೆಂದು ತೋರಿಸುವ ನೀಲಿ ಗುರುತು ಕಂಡೂ ಮಾತಿಲ್ಲ ಎಂಬ ನೋವು. ಇದಕ್ಕೆ ಮದ್ದು ಒಂದೇ: ಸಮಯ ಹೇಳಿ ಅದಕ್ಕೆ ಬದ್ಧರಾಗುವುದು. "ನಾನು ಬುಧವಾರ ಮತ್ತು ಶನಿವಾರ ಸಂಜೆ ನಿಮ್ಮದನ್ನು ಕೇಳುತ್ತೇನೆ, ಅದೇ ದಿನ ಉತ್ತರ ಕೊಡುತ್ತೇನೆ" ಎಂದರೆ ರೋಗಿ ಕಾಯಬಲ್ಲರು. ಮಾತು ಕೊಟ್ಟ ಬುಧವಾರ ತಪ್ಪಬಾರದು. ಮತ್ತು ಈ ಓದುವ, ಕೇಳುವ ಹೊತ್ತನ್ನು ಆಸ್ಪತ್ರೆಗಳು ಕೆಲಸದ ಹೊತ್ತು ಎಂದೇ ಲೆಕ್ಕ ಹಿಡಿಯಬೇಕು. ಈಗ ಹೆಚ್ಚಿನ ಕಡೆ ಎದುರು ಕೂತ ರೋಗಿಯ ಅರ್ಧ ಗಂಟೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಎಲ್ಲರಿಗೂ ಈ ಕ್ರಮ ಹೊಂದುವುದಿಲ್ಲ. ಊಟ ನೀರು ಬಿಟ್ಟವರು, ಇಲ್ಲದ ದನಿಗಳನ್ನು ಕೇಳುತ್ತಿರುವವರು, ಸಾಯುವ ಯೋಚನೆ ಬಲವಾಗಿರುವವರು ಆಸ್ಪತ್ರೆಗೇ ಬರಬೇಕು. ಖಿನ್ನತೆ ಅಳೆಯಲು ಜಗತ್ತಿನೆಲ್ಲೆಡೆ ಬಳಸುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಲ್ಲಿ 9 ಪ್ರಶ್ನೆಗಳಿವೆ, ಒಟ್ಟು ಅಂಕ 27. ಕೊನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಇದನ್ನು ಫೋನಿನಲ್ಲಿ ತುಂಬಿಸಿಕೊಳ್ಳುವ ಯಾವುದೇ ಆಸ್ಪತ್ರೆ, ಆ ಉತ್ತರವನ್ನು ಅದೇ ದಿನ ನೋಡಲು ಒಬ್ಬರನ್ನು ನೇಮಿಸಿರಬೇಕು. ರಾತ್ರಿ ಒಬ್ಬರು "ಹೆಚ್ಚುಕಡಿಮೆ ಪ್ರತಿದಿನ" ಎಂದು ಒತ್ತಿ, ಅದು ಸೋಮವಾರದವರೆಗೆ ಯಾರ ಕಣ್ಣಿಗೂ ಬೀಳದಿದ್ದರೆ ಆ ಪ್ರಶ್ನೆಯನ್ನು ಕೇಳುವ ಹಕ್ಕೇ ಇಲ್ಲ.

ಸರ್ಕಾರದ ಕಡೆಯಿಂದ ನಮಗೆ ಎರಡು ತುಂಡುಗಳು ಸಿಕ್ಕಿವೆ. ಒಂದು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಇದು ಶುರುವಾಯಿತು. ನಿಮ್ಹಾನ್ಸ್ ಇದರ ಕೇಂದ್ರ, ತಾಂತ್ರಿಕ ಹೊಣೆ ಬೆಂಗಳೂರಿನ ಐಐಐಟಿಯದ್ದು, ಧಾರವಾಡದ ಡಿಮ್ಹಾನ್ಸ್ ಕೂಡ ಕರ್ನಾಟಕದ ಕರೆಗಳನ್ನು ನೋಡಿಕೊಳ್ಳುತ್ತದೆ. 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. 2025ರ ಹೊತ್ತಿಗೆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕರೆಗಳು ಇದಕ್ಕೆ ಬಂದಿದ್ದವು. ಇನ್ನೊಂದು ಕರ್ನಾಟಕದ್ದೇ ಆದ ಮನೋಚೈತನ್ಯ ಕಾರ್ಯಕ್ರಮ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡು ಇದು.

ಎರಡೂ ಒಳ್ಳೆಯವು. ಟೆಲಿ-ಮಾನಸ್ ನಡುರಾತ್ರಿ ದಿಕ್ಕು ತೋಚದವರಿಗೆ ಜೀವ ಉಳಿಸುವ ದನಿ. ಆದರೆ ಅಲ್ಲಿ ಈ ಸಲ ಮಾತಾಡಿದವರೇ ಮುಂದಿನ ಸಲವೂ ಸಿಗುತ್ತಾರೆಂಬ ಖಾತ್ರಿಯ ಮೇಲೆ ಆ ವ್ಯವಸ್ಥೆ ನಿಂತಿಲ್ಲ. ಕತೆಯನ್ನು ಮತ್ತೆ ಮೊದಲಿಂದ ಹೇಳಬೇಕಾಗಬಹುದು. ಮಂಗಳವಾರದ ಭೇಟಿಯಲ್ಲಿ ಮುಖವಿದೆ, ಆದರೆ ರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ, ಮತ್ತೆ ಮುಂದಿನ ಸಲದವರೆಗೆ ಮೌನ. ಈ ಎರಡನ್ನೂ ಬೆಸೆಯುವ ಒಬ್ಬ ಮನುಷ್ಯ ಬೇಕು: ಕಾರ್ಕಳದ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ವೈದ್ಯರ ಪಕ್ಕದಲ್ಲಿ ಕೂತು ರೋಗಿಯ ಮುಖ ಕಂಡ, ತುಳು ಬಲ್ಲ ಆಪ್ತಸಮಾಲೋಚಕಿ, ಶುಕ್ರವಾರ ಅದೇ ರೋಗಿಗೆ ತಾನೇ ಫೋನ್ ಮಾಡಬೇಕು. ಗೋವಾದ ಪ್ರಯೋಗ ಹೇಳುವಂತೆ ಇವರು ದೊಡ್ಡ ಪದವಿಯವರೇ ಆಗಬೇಕಾಗಿಲ್ಲ. ತರಬೇತಿ ಬೇಕು, ಮೇಲಿನವರ ಮಾರ್ಗದರ್ಶನ ಬೇಕು, ಮತ್ತು ವರ್ಷಕ್ಕೊಮ್ಮೆ ಗುತ್ತಿಗೆ ಮುಗಿದು ಬದಲಾಗದ ಕೆಲಸ ಬೇಕು. ರೋಗಿಗೆ ವಿಶ್ವಾಸ ಹುಟ್ಟುವ ಹೊತ್ತಿಗೆ ಸಮಾಲೋಚಕರು ಬದಲಾದರೆ ಎಂಥ ಆ್ಯಪ್ ಇದ್ದರೂ ಪ್ರಯೋಜನವಿಲ್ಲ.

ಸಂಭಾಷಣೆ ನಡೆಸುವ ಯಂತ್ರಗಳೇ ಈಗ ಬಂದಿವೆಯಲ್ಲ, ಮನುಷ್ಯ ಏಕೆ ಎಂದು ಕೇಳುವವರಿದ್ದಾರೆ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಸರಳ ಕಂಪ್ಯೂಟರ್ ಕಾರ್ಯಕ್ರಮ ಬರೆದರು. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೆ. ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿಗೆ ವೈಜೆನ್‌ಬಾಮ್ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡರಂತೆ. ಮನುಷ್ಯರಿಗೆ ಹೇಳಿಕೊಳ್ಳುವ ಹಸಿವು ಎಷ್ಟಿದೆ ಎಂಬುದನ್ನು ಇದು ತೋರಿಸುತ್ತದೆ. ಆ ಹಸಿವು ಇದೆ ಎಂಬ ಕಾರಣಕ್ಕೇ ಅದನ್ನು ಯಾರ ಕೈಗೆ ಕೊಡುತ್ತೇವೆ ಎಂದು ಜಾಗ್ರತೆ ಬೇಕು. ಯಂತ್ರ ನೆನಪಿಸಲಿ, ಪಾಠ ಓದಿ ಹೇಳಲಿ. ಹೊಣೆ ಹೊರುವವರು ಮನುಷ್ಯರಾಗಿರಲಿ.

ಆನ್‌ಲೈನ್ ಚಿಕಿತ್ಸೆಗೆ ಹೊರಟ ಓದುಗರಿಗೆ ಕೆಲವು ಮಾತು. ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು, ಅದು ಫೋನಿನ ಮಾತಿಗೂ ಅನ್ವಯಿಸುತ್ತದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಯಾವ ಹಂತದಲ್ಲಾದರೂ ಆನ್‌ಲೈನ್ ಸಾಕು, ಎದುರು ಬಂದು ಕಾಣುತ್ತೇನೆ ಎಂದು ಹೇಳುವ ಹಕ್ಕು ರೋಗಿಗೆ ಇದೆ. ವೈದ್ಯರು ತಮ್ಮ ಹೆಸರು, ನೋಂದಣಿ ಸಂಖ್ಯೆ ಹೇಳಲೇಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕೇಳಿ. ಕೇಳುವುದು ಅಗೌರವವಲ್ಲ.

ಮೊದಲ ಭೇಟಿಯಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿ. ನಾನು ಕಳಿಸಿದ್ದನ್ನು ಯಾರು ನೋಡುತ್ತಾರೆ? ಯಾವಾಗ ನೋಡುತ್ತಾರೆ? ನಡುರಾತ್ರಿ ಸಹಿಸಲಾಗದಿದ್ದರೆ ಯಾರಿಗೆ ಫೋನ್ ಮಾಡಲಿ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಬೇರೆ ಚಿಕಿತ್ಸಕರನ್ನು ನೋಡಿ, ಚಿಕಿತ್ಸೆಯನ್ನೇ ಬಿಡಬೇಡಿ. ಮತ್ತು ಮೂರನೆಯ ಪ್ರಶ್ನೆಗೆ ಉತ್ತರ ಈ ಹೊತ್ತಿಗೇ ಬೇಕಾಗಿರುವವರು, ಅಥವಾ ಅಂಥವರು ಮನೆಯಲ್ಲಿ ಇರುವವರು, ದಯವಿಟ್ಟು ಈಗಲೇ 14416ಕ್ಕೆ ಕರೆ ಮಾಡಿ.